ಡಿಸ್ಕವರಿ ಕೂತುಬಿಟ್ಟರೆ ಕಂಪ್ರೆಸರ್‌ಗಿಂತ ಮೊದಲು ಲೀಕ್ ಹುಡುಕಿ

ಮಳೆಗಾಲ ಮುಗಿಯುತ್ತಿದ್ದಂತೆ ಸಕಲೇಶಪುರದ ನಮ್ಮ ಗ್ಯಾರೇಜಿಗೆ ಲ್ಯಾಂಡ್ ರೋವರ್ ಡಿಸ್ಕವರಿ 3 ಮತ್ತು 4 ಗಾಡಿಗಳು ಬರಲು ಶುರುವಾಗುತ್ತವೆ. ಹೆಚ್ಚಿನವು ಕಾಫಿ ತೋಟದವರ ಗಾಡಿಗಳು. ಏರ್ ಸಸ್ಪೆನ್ಷನ್‌ನ ಗಾಳಿ ಹೋಗಿ ಗಾಡಿ ತಗ್ಗಿ ಕೂತಿರುತ್ತದೆ. ಬಂದವರ ಮಾತು ಒಂದೇ: "ಕಂಪ್ರೆಸರ್ ಹೋಗಿದೆಯಂತೆ, ಹೊಸದು ಹಾಕಿಬಿಡಿ." ನಾನು ತಕ್ಷಣ ಹಾಕುವುದಿಲ್ಲ. ಈ ಗಾಡಿಯಲ್ಲಿ ಕಂಪ್ರೆಸರ್ ಸುಮ್ನೆ ಸಾಯುವುದು ಕಡಿಮೆ. ಎಲ್ಲೋ ಗಾಳಿ ಸೋರುತ್ತಿರುತ್ತದೆ. ಆ ಕೊರತೆ ತುಂಬಲು ಅದು ಓಡಿ ಓಡಿ ಬಿಸಿಯಾಗಿ ಸವೆದುಹೋಗುತ್ತದೆ. ಲೀಕ್ ಹಾಗೇ ಬಿಟ್ಟು ಹೊಸದು ಹಾಕಿದರೆ ಅದಕ್ಕೂ ಅದೇ ಗತಿ.

ನಾಲ್ಕು ಚಕ್ರಕ್ಕೂ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ, ಅಂದರೆ ಬೆಲ್ಲೋ ಇದೆ. ಕಂಪ್ರೆಸರ್ ಒಂದು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಅಲ್ಲಿಂದ ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವ್ ಬ್ಲಾಕ್‌ಗಳ ಮೂಲಕ ಗಾಳಿ ಬೆಲ್ಲೋಗೆ ಹೋಗುತ್ತದೆ. ಪ್ರತಿ ಚಕ್ರದ ಹತ್ತಿರ ಎತ್ತರ ಅಳೆಯುವ ಒಂದು ಹೈಟ್ ಸೆನ್ಸರ್ ಇದೆ. ಆಫ್‌ರೋಡ್ ಎತ್ತರಕ್ಕೆ ಹಾಕಿದರೆ ಗಾಡಿ ಮಾಮೂಲಿಗಿಂತ 55 ಮಿ.ಮೀ. ಮೇಲೇಳುತ್ತದೆ. ಹತ್ತಿ ಇಳಿಯುವ ಎತ್ತರದಲ್ಲಿ 50 ಮಿ.ಮೀ. ತಗ್ಗುತ್ತದೆ.

ಕೆಲಸಕ್ಕೆ ಮುಂಚೆ ಒಂದು ಮಾತು. ಗಾಳಿಯ ನಂಬಿಕೆ ಮೇಲೆ ಗಾಡಿಯ ಕೆಳಗೆ ತೂರಬೇಡಿ. ಪೈಪು ಕಳಚಿದ ಕ್ಷಣದಲ್ಲೇ ಅದು ಧಪ್ಪೆಂದು ಕೂರುತ್ತದೆ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಬರಿ ಜಾಕ್ ಸಾಲದು. ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಕೈ ಇಡಬೇಡಿ.

ಮೊದಲು ಗಾಡಿ ಹೇಗೆ ಕೂರುತ್ತದೆ ಅಂತ ನೋಡಿ. ರಾತ್ರಿ ಸರಿಯಿದ್ದು ಬೆಳಿಗ್ಗೆ ಕೂತಿದ್ದರೆ ಲೀಕ್. ಕೂರುವುದಿಲ್ಲ, ಆದರೆ ಏಳಲು ತುಂಬಾ ಹೊತ್ತು ತಗೊಳ್ಳುತ್ತದೆ ಅಂದರೆ ಕಂಪ್ರೆಸರ್ ಸೋತಿರಬಹುದು. ಕಂಪ್ರೆಸರ್ ಸದ್ದೇ ಇಲ್ಲ ಅಂದರೆ ಫ್ಯೂಸ್, ರಿಲೇ (ಅದಕ್ಕೆ ಕರೆಂಟ್ ಹಾಯಿಸುವ ಸ್ವಿಚ್) ಅಥವಾ ಮೋಟರ್. ಗಾಳಿ ಎಲ್ಲೂ ಸೋರದೆ ಒಂದು ಮೂಲೆ ಮಾತ್ರ ಸೊಟ್ಟಗಿದ್ದರೆ ಆ ಮೂಲೆಯ ಹೈಟ್ ಸೆನ್ಸರ್ ನೋಡಿ. ಅದರ ಕನೆಕ್ಟರ್‌ಗೆ ಕೆಸರು ನೀರು ನುಗ್ಗಿರುತ್ತದೆ, ಇಲ್ಲವೇ ಅದರ ಕಡ್ಡಿ ಮುರಿದಿರುತ್ತದೆ.

ಲೀಕ್ ಹುಡುಕುವಾಗ ಎಲ್ಲರೂ ಎಡವುವುದು ಇಲ್ಲಿ. ಗಾಡಿ ನಿಲ್ಲಿಸಿ ಲಾಕ್ ಮಾಡಿದ ಮೇಲೂ ಸಸ್ಪೆನ್ಷನ್ ಇಸಿಯು (ಎತ್ತರ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಆಗಾಗ ಎದ್ದು ಮಟ್ಟ ನೋಡುತ್ತದೆ. ಒಂದು ಮೂಲೆ ಇಳಿದಿದ್ದರೆ ಉಳಿದ ಮೂರರಿಂದಲೂ ಗಾಳಿ ಬಿಟ್ಟು ಸಮ ಮಾಡುತ್ತದೆ. ಬೆಳಿಗ್ಗೆ ನೋಡಿದರೆ ಇಡೀ ಗಾಡಿ ಕೂತಿರುತ್ತದೆ. ಕಳ್ಳ ಯಾವ ಮೂಲೆಯಲ್ಲಿದ್ದಾನೆ ಅಂತ ಗೊತ್ತಾಗುವುದೇ ಇಲ್ಲ. ಅದಕ್ಕೇ ರಾತ್ರಿ ಸಮತಟ್ಟು ಜಾಗದಲ್ಲಿ ಮಾಮೂಲಿ ಎತ್ತರಕ್ಕೆ ನಿಲ್ಲಿಸಿ, ಇಸಿಯುವಿನ ಫ್ಯೂಸ್ ತೆಗೆದಿಡಿ. ಯಾವ ಫ್ಯೂಸ್ ಅಂತ ಗಾಡಿಯ ಪುಸ್ತಕದಲ್ಲಿದೆ. ಆಮೇಲೆ ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದುಕೊಳ್ಳಿ. ಬೆಳಿಗ್ಗೆ ಮತ್ತೆ ಅಳೆಯಿರಿ. ವಾಲ್ವ್‌ಗಳು ಮುಚ್ಚಿರುವುದರಿಂದ ಸೋರುವ ಮೂಲೆ ಮಾತ್ರ ಇಳಿದಿರುತ್ತದೆ. ಯಾವ ಮೂಲೆಯೂ ಇಳಿಯದೆ, ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ಬಹಳ ಹೊತ್ತು ಓಡಿದರೆ ಟ್ಯಾಂಕ್ ಕಡೆಯ ಪೈಪು, ಫಿಟ್ಟಿಂಗ್ ನೋಡಿ.

ಮೂಲೆ ಗೊತ್ತಾದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ನೀರಿಗೆ ಬೆರೆಸಿ ಸ್ಪ್ರೇ ಬಾಟಲಿಗೆ ಹಾಕಿಕೊಳ್ಳಿ. ಮೊದಲು ಪೈಪಿನ ಹಿತ್ತಾಳೆ ಫಿಟ್ಟಿಂಗ್, ಆಮೇಲೆ ವಾಲ್ವ್ ಬ್ಲಾಕ್, ಕೊನೆಗೆ ಬೆಲ್ಲೋ. ಮುಂದಿನ ವಾಲ್ವ್ ಬ್ಲಾಕ್ ಬಂಪರಿನ ಹಿಂದೆ ಇರುತ್ತದೆ. ಬೆಲ್ಲೋದ ಕೆಳಭಾಗದಲ್ಲಿ ರಬ್ಬರ್, ಅಂಗಿ ತೋಳು ಮಡಚಿದ ಹಾಗೆ ತನ್ನ ಮೇಲೆ ತಾನೇ ಮಡಚಿಕೊಂಡಿರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಆ ಮಡಿಕೆಯಲ್ಲಿ ಸೇರಿ ಒಣಗಿ ಮರಳುಕಾಗದದ ಕೆಲಸ ಮಾಡುತ್ತದೆ. ಮೊದಲು ನೀರು ಬಿಟ್ಟು ಮಣ್ಣು ತೊಳೆಯಿರಿ, ಆಮೇಲೆ ಸೋಪು. ದೊಡ್ಡ ಗುಳ್ಳೆ ಬರುತ್ತದೆ ಅಂತ ಕಾಯಬೇಡಿ. ಬಿಳಿ ನೊರೆ ಒಂದು ಗೆರೆಯಾಗಿ ನಿಧಾನ ಬೆಳೆಯುತ್ತದೆ, ಒರೆಸಿದರೆ ಮತ್ತೆ ಅಲ್ಲೇ ಹುಟ್ಟುತ್ತದೆ. ಕೆಲವು ಬಿರುಕು ಒಂದೇ ಎತ್ತರದಲ್ಲಿ ಬಾಯಿ ಬಿಡುತ್ತವೆ. ಹಾಗಾಗಿ ಎಲ್ಲ ಎತ್ತರದಲ್ಲೂ ಸ್ಪ್ರೇ ಮಾಡಿ. ಇಲ್ಲಿ ಆತುರ ಪಡಬೇಡಿ.

ಫಿಟ್ಟಿಂಗ್ ಸೋರುತ್ತಿದ್ದರೆ ಕೆಲಸ ಸುಲಭ. ಆ ಮೂಲೆಯ ಗಾಳಿ ಪೂರ್ತಿ ಬಿಟ್ಟು ಪೈಪು ಕಳಚಿ. ಚೂಪಾದ ಬ್ಲೇಡಿನಿಂದ ತುದಿಯನ್ನು ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿ. ಬೆಲ್ಲೋ ಬಿರಿದಿದ್ದರೆ ಪಂಕ್ಚರ್ ಅಂಟು, ಸೀಲಂಟ್ ಯಾವುದೂ ನಿಲ್ಲುವುದಿಲ್ಲ. ಸ್ಟ್ರಟ್, ಅಂದರೆ ಬೆಲ್ಲೋ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಪೂರ್ತಿ ಭಾಗವನ್ನೇ ಬದಲಿಸಿ. ಒಂದು ಕಡೆ ಹೋಗಿದ್ದರೆ ಇನ್ನೊಂದು ಕಡೆಯದಕ್ಕೂ ಅಷ್ಟೇ ವಯಸ್ಸಾಗಿದೆ, ಹಾಗಾಗಿ ಜೋಡಿಯಾಗಿ ಹಾಕಿಸಿ ಅಂತಲೇ ಹೇಳುತ್ತೇನೆ. ಹೊಸ ಸ್ಟ್ರಟ್‌ಗೆ ಗಾಳಿ ತುಂಬದೆ ಗಾಡಿಯ ಪೂರ್ತಿ ಭಾರ ಬಿಡಬೇಡಿ. ಮಡಿಕೆ ಅಡ್ಡಾದಿಡ್ಡಿ ಕೂತು ಹೊಸ ರಬ್ಬರ್ ಹರಿಯುತ್ತದೆ. ಕೆಳಗಿನ ಬೋಲ್ಟನ್ನು ಕೊನೆಯ ಬಿಗಿ ಕೊಡುವುದು ಗಾಡಿ ಮಾಮೂಲಿ ಎತ್ತರಕ್ಕೆ ಬಂದ ಮೇಲೆ. ಇಲ್ಲದಿದ್ದರೆ ಅಲ್ಲಿನ ರಬ್ಬರ್ ಬುಶ್ ತಿರುಚಿಕೊಂಡೇ ಉಳಿಯುತ್ತದೆ.

ಈಗ ಕಂಪ್ರೆಸರ್. ಸ್ಕ್ಯಾನರ್‌ನಲ್ಲಿ ಸಿ1ಎ20 ಅನ್ನುವ ದೋಷದ ಕೋಡ್ ಬಂದರೆ ಟ್ಯಾಂಕ್ ನಿಧಾನ ತುಂಬುತ್ತಿದೆ ಅಂತ ಅರ್ಥ. ಸವೆದ ಪಿಸ್ಟನ್ ರಿಂಗ್ ಇರಬಹುದು, ಲೀಕ್ ಕೂಡ ಇರಬಹುದು. ಈ ಕೋಡ್ ನೋಡಿದ ಕೂಡಲೇ ಕಂಪ್ರೆಸರ್ ಆರ್ಡರ್ ಮಾಡಬೇಡಿ. ಸಿ1ಎ13 ಬಂದರೆ ಒಳಗಿನ ಗಾಳಿ ಹೊರಗೆ ಹೋಗುತ್ತಿಲ್ಲ. ಮಲೆನಾಡಿನ ತೇವಕ್ಕೆ, ಗಾಳಿಯ ತೇವ ಹೀರುವ ಡ್ರೈಯರ್ ಒಳಗಿನ ಕಾಳುಗಳು ಪುಡಿಯಾಗಿ ಗಾಳಿ ಬಿಡುವ ವಾಲ್ವಿಗೆ ಸಿಕ್ಕಿಕೊಂಡಿರುತ್ತವೆ. ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಡ್ರೈಯರ್ ಬದಲಿಸಿ, ಪೈಪುಗಳಿಗೆ ಗಾಳಿ ಹೊಡೆದು ಸ್ವಚ್ಛ ಮಾಡಿ. ಆ ಪುಡಿ ವಾಲ್ವ್ ಬ್ಲಾಕಿಗೆ ಹೋದರೆ ಖರ್ಚು ಇನ್ನೂ ಜಾಸ್ತಿ.

ಮೋಟರ್ ಚೆನ್ನಾಗಿದ್ದು ರಿಂಗ್ ಮಾತ್ರ ಸವೆದಿದ್ದರೆ ರಿಂಗ್ ಕಿಟ್ ಹಾಕಿದರೆ ಸಾಕು. ಆದರೆ ರಿಲೇಯನ್ನು ಮರೆಯದೆ ಬದಲಿಸಿ. ಅದರ ಕಾಂಟ್ಯಾಕ್ಟ್ ಅಂಟಿಕೊಂಡರೆ ಎಂಜಿನ್ ಆಫ್ ಮಾಡಿದ ಮೇಲೂ ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಕೊನೆಗೆ ಸುಡುತ್ತದೆ. ಹಾಗೆ ಓಡುವ ಸದ್ದು ಕೇಳಿದರೆ ಮೊದಲು ರಿಲೇ ಕಿತ್ತುಬಿಡಿ. ಡಿಸ್ಕವರಿ 3ರ ಹಿಟಾಚಿ ಕಂಪನಿಯ ಕಂಪ್ರೆಸರ್ ತೆಗೆದು ಎಎಂಕೆ ಕಂಪನಿಯದು ಹಾಕುವವರು ಇಸಿಯು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಲೇಬೇಕು.

ಕಾಯಿಲ್ ಸ್ಪ್ರಿಂಗ್ ಹಾಕಿ ತಲೆನೋವು ಕಳೆದುಕೊಳ್ಳೋಣ ಅಂತ ಕೆಲವರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ತೋಟದ ಗುಂಡಿ ರಸ್ತೆಯಲ್ಲಿ ಏಳುವ, ಹೆದ್ದಾರಿಯಲ್ಲಿ ಮತ್ತೆ ಮಾಮೂಲಿ ಎತ್ತರಕ್ಕೆ ಇಳಿಯುವ ಗುಣಕ್ಕೇ ಅಲ್ವಾ ಈ ಗಾಡಿ ತಗೊಂಡಿದ್ದು?

ಬಿಸಿಲೆ ಘಾಟಿ ಕಡೆ ಹೋಗುವವರು ಟೈರ್ ವಾಲ್ವ್ ಇರುವ ತುರ್ತು ಕಿಟ್ ಇಟ್ಟುಕೊಳ್ಳಿ. ಪೈಪಿಗೆ ಸಿಕ್ಕಿಸಿ ಹೊರಗಿನಿಂದ ಗಾಳಿ ತುಂಬಿ ನಿಧಾನ ಮನೆ ಸೇರಬಹುದು. ಟೈರಿಗಿಂತ ಇದಕ್ಕೆ ಪ್ರೆಶರ್ ಜಾಸ್ತಿ ಬೇಕು. ಅಗ್ಗದ ಪಂಪಿಗೆ ಅಷ್ಟು ಶಕ್ತಿ ಇರುವುದಿಲ್ಲ, ಸ್ವಲ್ಪ ಗಟ್ಟಿಯಾದದ್ದೇ ತಗೊಳ್ಳಿ.