ಜಿಬ್ ಹಾಯಿಯ ಶೀಟ್: ಎಷ್ಟು ಎಳೆಯಬೇಕು ಎನ್ನುವುದಕ್ಕಿಂತ ಮೊದಲು ಎತ್ತ ಎಳೆಯಬೇಕು

ಸಣ್ಣ ಹಾಯಿದೋಣಿಯಲ್ಲಿ ಗಾಳಿಗೆ ಎದುರಾಗಿ ಸಾಗುವಾಗ ದೊಡ್ಡ ಹಾಯಿಯ ಮುಂದಿರುವ ಜಿಬ್ ಹಾಯಿಯ ಶೀಟನ್ನು ಎಷ್ಟು ಎಳೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಎತ್ತ ಎಳೆಯಬೇಕು ಎಂದು ಕೇಳುವವರು ಕಡಿಮೆ. ನಾನು ಮಾತ್ರ ಎರಡನೆಯದನ್ನು ಇತ್ಯರ್ಥ ಮಾಡಿಕೊಳ್ಳದೆ ಮೊದಲನೆಯದಕ್ಕೆ ಕೈ ಹಾಕುವುದಿಲ್ಲ.

ಶೀಟ್ ಎಂಬ ಹಗ್ಗ ಹಾಯಿಯ ಹಿಂಬದಿಯ ಕೆಳಮೂಲೆಯಾದ ಕ್ಲೂವಿನಿಂದ ಹೊರಟು, ಡೆಕ್ಕಿನ ಮೇಲಿನ ಲೀಡ್ ಮೂಲಕ ಹಾದು ಕೈಗೆ ಬರುತ್ತದೆ. ಲೀಡ್ ಎಂದರೆ ಒಂದು ಬಳೆ ಅಥವಾ ರಾಟೆ, ಅಷ್ಟೆ. ಆದರೆ ಒಂದೇ ಎಳೆತ ಹಾಯಿಯ ಎರಡು ಅಂಚುಗಳಿಗೆ ಹೇಗೆ ಹಂಚಿಹೋಗಬೇಕು ಎಂಬುದನ್ನು ನಿರ್ಧರಿಸುವುದು ಅದು ಕೂತಿರುವ ಜಾಗ. ಮುಂದಕ್ಕೆ ಸರಿಸಿದರೆ ಹಗ್ಗ ಹೆಚ್ಚು ಕೆಳಮುಖವಾಗಿ ಜಗ್ಗುತ್ತದೆ. ಆಗ ಹಿಂದಿನ ಅಂಚಾದ ಲೀಚ್ ಬಿಗಿಯುತ್ತದೆ, ಕೆಳ ಅಂಚು ಸಡಿಲಗೊಂಡು ಹಾಯಿಯ ತಳಭಾಗಕ್ಕೆ ಹೊಟ್ಟೆ ಬರುತ್ತದೆ. ಹಿಂದಕ್ಕೆ ಸರಿಸಿದರೆ ತಳ ಚಪ್ಪಟೆಯಾಗಿ, ಲೀಚಿನ ಮೇಲ್ಭಾಗ ಬಿಚ್ಚಿಕೊಂಡು ಹೊರಕ್ಕೆ ತಿರುಚಿಕೊಳ್ಳುತ್ತದೆ.

ನನ್ನ ಕೆಲಸ ದಡದಲ್ಲೇ ಆರಂಭವಾಗುತ್ತದೆ. ಹಾಯಿಯನ್ನು ನೆಲದ ಮೇಲೆ ಹರಡಿ, ಮುಂದಿನ ಅಂಚಾದ ಲಫ್‌ನ ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ಕ್ಲೂವಿಗೆ ದಾರ ಹಿಡಿಯುತ್ತೇನೆ. ಕ್ಲೂವಿನ ಹತ್ತಿರ ದಾರದ ಗುಂಟ ಗೇಣುದ್ದದ ಪೆನ್ಸಿಲ್ ಗೆರೆ ಎಳೆದರೆ ಸಾಕು. ಹಾಯಿ ಏರಿಸಿ ಶೀಟ್ ಬಿಗಿದಾಗ ಹಗ್ಗವು ಆ ಗೆರೆಯ ನೇರ ಮುಂದುವರಿಕೆಯಂತೆ ಕಾಣುವ ಜಾಗಕ್ಕೆ ಲೀಡನ್ನು ತರುತ್ತೇನೆ. ಇದು ಆರಂಭದ ಜಾಗ ಮಾತ್ರ. ಎಷ್ಟೋ ದೋಣಿಗಳಲ್ಲಿ ಲೀಡ್ ಇಲ್ಲಿಗೆ ಬಂದು ವರ್ಷವಿಡೀ ಕದಲದೆ ಕೂತಿರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ದೋಣಿಯೊಳಗಿನ ವೇಗವನ್ನು ಯಾರೂ ಮುಟ್ಟದೆ ಬಿಟ್ಟಂತೆ ಅದು.

ಮುಂದಿನದನ್ನು ಹೇಳುವುದು ಟೆಲ್‌ಟೇಲ್‌ಗಳು, ಅಂದರೆ ಹಾಯಿಗೆ ಅಂಟಿಸಿದ ಉಲ್ಲನ್ ಎಳೆಗಳು. ಲಫ್‌ನ ಕಾಲು, ಅರ್ಧ, ಮುಕ್ಕಾಲು ಎತ್ತರದಲ್ಲಿ, ಅಂಚಿನಿಂದ 15–20 ಸೆಂಟಿಮೀಟರ್ ಒಳಗೆ, ಎರಡೂ ಬದಿಗೆ ಒಂದೊಂದು. ಹೊಲಿಗೆಯ ಸಮೀಪ ಮಾತ್ರ ಅಂಟಿಸಬೇಡಿ. ಎಳೆಯ ತುದಿ ಹೊಲಿಗೆಯ ನೂಲಿಗೆ ಸಿಕ್ಕಿ ನಿಂತುಬಿಡುತ್ತದೆ, ಗಾಳಿ ಸರಿಯಾಗಿ ಹರಿಯುತ್ತಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ನೀರಿನಲ್ಲಿ ದೋಣಿ ವೇಗ ಹಿಡಿದ ಮೇಲೆ ಚುಕ್ಕಾಣಿಯನ್ನು ಬಹಳ ನಿಧಾನವಾಗಿ ತಿರುಗಿಸಿ ಮೂತಿಯನ್ನು ಗಾಳಿಯತ್ತ ತರುತ್ತೇನೆ. ಕಣ್ಣು ಗಾಳಿ ಬೀಸುವ ಬದಿಯ ಎಳೆಗಳ ಮೇಲಿರಬೇಕು. ಮೇಲಿನ ಎಳೆ ಮೊದಲು ಮೇಲೆದ್ದು ಕುಣಿದರೆ ಹಾಯಿಯ ಮೇಲ್ತುದಿ ಅತಿಯಾಗಿ ಬಿಚ್ಚಿಕೊಂಡಿದೆ ಎಂದರ್ಥ, ಲೀಡ್ ಮುಂದಕ್ಕೆ ಬರಬೇಕು. ಕೆಳಗಿನದು ಮೊದಲು ಕುಣಿದರೆ ಹಿಂದಕ್ಕೆ ಹೋಗಬೇಕು. ಮೂರೂ ಒಟ್ಟಿಗೆ ಏಳಬೇಕು ಎನ್ನುವುದು ಸಾಮಾನ್ಯ ಸೂತ್ರ. ನಾನು ಮೇಲಿನದು ಒಂದು ಕ್ಷಣ ಮುಂಚೆ ಎದ್ದರೆ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಗಾಳಿಯ ರಭಸ ದಿಢೀರನೆ ಹೆಚ್ಚಿದಾಗ ತುದಿ ತಾನಾಗಿ ಸ್ವಲ್ಪ ಒತ್ತಡ ಬಿಟ್ಟುಕೊಡುತ್ತದೆ.

ಲೀಡ್ ಕೂರುವುದು ಟ್ರ್ಯಾಕ್ ಎಂಬ ರಂಧ್ರಗಳಿರುವ ಪಟ್ಟಿಯ ಮೇಲೆ. ಸರಿಸುವುದು ಒಂದು ಸಲಕ್ಕೆ ಒಂದೇ ರಂಧ್ರ. ಬಿಗಿದ ಹಗ್ಗದ ಕೆಳಗಿರುವ ಲೀಡಿನೊಂದಿಗೆ ಗುದ್ದಾಡುವ ಅಗತ್ಯವಿಲ್ಲ. ಶೀಟೂ ಲೀಡೂ ಎರಡೂ ಬದಿಗೆ ಒಂದೊಂದು. ಗಾಳಿ ಬೀಸುವ ಬದಿಯ ಶೀಟ್ ಸುಮ್ಮನೆ ಬಿದ್ದಿರುತ್ತದೆ, ಆ ಬದಿಯ ಲೀಡನ್ನು ಸರಿಸಿ, ಗಾಳಿ ಇನ್ನೊಂದು ಬದಿಯಿಂದ ಬೀಸುವಂತೆ ದೋಣಿಯನ್ನು ತಿರುಗಿಸಿದರೆ ಹೊಸ ಜಾಗದ ಪರೀಕ್ಷೆ ತಕ್ಷಣ ಆಗುತ್ತದೆ. ಸರಿಬಂದರೆ ಇನ್ನೊಂದನ್ನು ಅದಕ್ಕೆ ಸರಿಸಮ ಮಾಡುತ್ತೇನೆ. ಲೀಡ್ ಕದಲಿದ ಮೇಲೆ ಶೀಟಿನ ಹಳೆಯ ಗುರುತನ್ನು ನಂಬಬಾರದು, ಬಿಗಿಯನ್ನು ಮತ್ತೆ ನೋಡಿಕೊಳ್ಳಬೇಕು.

ಗಾಳಿ ಜೋರಾಗಿ ದೋಣಿ ಅತಿಯಾಗಿ ವಾಲತೊಡಗಿದರೆ ನಾನು ಲೀಡನ್ನು ಒಂದೆರಡು ರಂಧ್ರ ಹಿಂದಕ್ಕೆ ಒಯ್ಯುತ್ತೇನೆ. ತಳ ಚಪ್ಪಟೆಯಾಗುತ್ತದೆ, ತುದಿಯ ಒತ್ತಡ ಇಳಿಯುತ್ತದೆ, ದೋಣಿ ನೆಟ್ಟಗಾಗುತ್ತದೆ. ಹಾಯಿ ಹೊರುವ ಕೂವೆಮರವನ್ನು ಹಿಂದಕ್ಕೆ ವಾಲಿಸಿದರೂ ಕ್ಲೂ ಕೆಳಕ್ಕೂ ಹಿಂದಕ್ಕೂ ಸರಿಯುವುದರಿಂದ ಲೀಡ್ ಅದನ್ನು ಹಿಂಬಾಲಿಸಬೇಕು. ಜಿಬ್ ಅನ್ನು ಸುತ್ತಿ ಚಿಕ್ಕದು ಮಾಡಿದಾಗ ಇದಕ್ಕೆ ವಿರುದ್ಧ: ಕ್ಲೂ ಮುಂದೆ ಹೋಗುತ್ತದೆ, ಲೀಡೂ ಮುಂದೆ ಹೋಗಬೇಕು.

ಇಷ್ಟು ಹಿಂದುಮುಂದಿನ ಮಾತು. ಒಳಹೊರಗಿನ ಕೋನ ಬೇರೆಯೇ ವಿಷಯ. ಹಾಯಿಯ ಮುಂದಿನ ಕೆಳಮೂಲೆಯಾದ ಟ್ಯಾಕ್‌ನಿಂದ ಲೀಡಿಗೆ ಎಳೆದ ಗೆರೆ ದೋಣಿಯ ನಡುಗೆರೆಯೊಂದಿಗೆ ಮಾಡುವ ಕೋನ ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಡಿಗ್ರಿ ಇರುತ್ತದೆ. ಕೋನಮಾಪಕ ಬೇಕಿಲ್ಲ, ಅಳತೆಪಟ್ಟಿ ಸಾಕು. ಟ್ಯಾಕ್‌ನಿಂದ ಲೀಡಿಗೆ 2 ಮೀಟರ್ ಇದ್ದರೆ, ಲೀಡ್ ನಡುಗೆರೆಯಿಂದ 28 ಸೆಂಟಿಮೀಟರ್ ದೂರದಲ್ಲಿದ್ದಾಗ ಕೋನ 8 ಡಿಗ್ರಿ. 35 ಆದರೆ 10. 42 ಆದರೆ 12.

ಕೋನ ಕಿರಿದಾದಷ್ಟೂ ದೋಣಿ ಗಾಳಿಗೆ ಹತ್ತಿರವಾಗಿ ಸಾಗುತ್ತದೆ ಎಂಬುದು ನಿಜ, ಆದರೆ ಅದು ಸಮನೀರಿನಲ್ಲಿ, ಹದವಾದ ಗಾಳಿಯಲ್ಲಿ. ಅಲೆಗಳಿದ್ದಾಗ ಮೂತಿ ಗಾಳಿಯತ್ತ ನೆಟ್ಟಿದ್ದರೂ ದೋಣಿ ಅಲೆಗೆ ಬಡಿದು ಬಡಿದು ನಿಲ್ಲುತ್ತದೆ. ದೊಡ್ಡ ಹಾಯಿಯ ಮುಂಭಾಗ ನೋಡಿ: ಜಿಬ್‌ನಿಂದ ಹೊರಬಿದ್ದ ಗಾಳಿ ಅದನ್ನು ತಪ್ಪು ಬದಿಗೆ ಉಬ್ಬಿಸುತ್ತಿದ್ದರೆ ಎರಡು ಹಾಯಿಗಳ ನಡುವಿನ ಸಂದು ಇಕ್ಕಟ್ಟಾಗಿದೆ. ಆಗ ನಾನು ಹಿಂದೆಮುಂದೆ ನೋಡದೆ ಲೀಡನ್ನು ಹೊರಕ್ಕೆ ಬಿಡುತ್ತೇನೆ.

ಅಡ್ಡಕ್ಕೆ ಸರಿಸಲು ಟ್ರ್ಯಾಕ್ ಇಲ್ಲದ ದೋಣಿಗೆ ಬಾರ್ಬರ್ ಹಾಲರ್ ಇದೆ. ಕ್ಲೂ ಮತ್ತು ಲೀಡಿನ ನಡುವೆ ಶೀಟಿಗೆ ಒಂದು ಬಳೆ ಪೋಣಿಸಿ, ಅದಕ್ಕೆ ಕಟ್ಟಿದ ತೆಳು ಹಗ್ಗದಿಂದ ಶೀಟನ್ನು ಒಳಕ್ಕೋ ಹೊರಕ್ಕೋ ಜಗ್ಗುವ ಏರ್ಪಾಡು. ಅಮೆರಿಕದ ಸ್ಯಾನ್ ಡಿಯಾಗೊದ ಬಾರ್ಬರ್ ಸೋದರರಿಂದ ಬಂದ ಹೆಸರದು. ನನಗೆ ಇದು ಹೆಚ್ಚು ಉಪಯೋಗಕ್ಕೆ ಬರುವುದು ಅಡ್ಡಗಾಳಿಯಲ್ಲಿ. ಶೀಟ್ ಸಡಿಲಿಸಿದೊಡನೆ ಕ್ಲೂ ಹೊರಕ್ಕೂ ಮೇಲಕ್ಕೂ ಹಾರುತ್ತದೆ, ಹಾಯಿಯ ತುದಿ ಕೆಲಸ ನಿಲ್ಲಿಸುತ್ತದೆ. ಬಾರ್ಬರ್ ಹಾಲರ್ ಜೋಡಿಸುವ ಮೊದಲು ಕೈಯಲ್ಲೇ ಪರೀಕ್ಷಿಸಬಹುದು: ಜೊತೆಗಾರನಿಗೆ ಶೀಟನ್ನು ಲೀಡಿನ ಮುಂದೆ ಹಿಡಿದು ಕೆಳಕ್ಕೂ ಹೊರಕ್ಕೂ ಒತ್ತಲು ಹೇಳುತ್ತೇನೆ. ಕುಣಿಯುತ್ತಿದ್ದ ಮೇಲಿನ ಎಳೆ ಹಾಯಿಗೆ ಒರಗಿ ನೇರವಾಗಿ ಹಿಂದಕ್ಕೆ ಹರಿಯತೊಡಗಿದರೆ, ಅವನ ಕೈ ಇರುವ ಆ ಜಾಗಕ್ಕೇ ಬಳೆ ಬರಬೇಕು.

ಸರಿಬಂದ ಜಾಗಗಳನ್ನು ಎರಡೂ ಬದಿಯ ಟ್ರ್ಯಾಕಿನ ಪಕ್ಕ ಸಂಖ್ಯೆ ಬರೆದು ಗುರುತಿಸುತ್ತೇನೆ. ಸಂಖ್ಯೆ ಹಾಕುವ ಮುನ್ನ ಟ್ಯಾಕ್‌ನಿಂದ ಎರಡೂ ಲೀಡುಗಳಿಗೆ ದಾರ ಹಿಡಿದು ನೋಡಬೇಕು, ಏಕೆಂದರೆ ಎಡಬಲದ ಟ್ರ್ಯಾಕುಗಳು ಒಂದೇ ದೂರದಲ್ಲಿ ಕೂತಿರುತ್ತವೆ ಎಂಬ ಖಾತರಿ ಇಲ್ಲ. ಹೊಸ ಜಿಬ್ ಬಂದ ದಿನ ಆ ಸಂಖ್ಯೆಗಳನ್ನು ಬದಿಗಿಟ್ಟು ಪೆನ್ಸಿಲ್ ಗೆರೆಯಿಂದಲೇ ಮತ್ತೆ ಶುರು ಮಾಡುತ್ತೇನೆ.