ಮುಂಬೈ ರಜೆಗೆ ಥಾಣೆಯಲ್ಲಿ ಉಳಿಯುವವರಿಗೆ

ದಕ್ಷಿಣ ಮುಂಬೈನ ಹೋಟೆಲ್ ಬಾಡಿಗೆ ಭಾರವೆನಿಸಿದರೆ ಲೋಕಲ್ ರೈಲಿನ ದಾರಿಯಲ್ಲಿರುವ ಥಾಣೆ ಅಥವಾ ಮುಲುಂಡ್ ನೋಡಿ. ಕೋಣೆ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರವಿರಲಿ. ದಿನಾ ಎರಡು ಸಲ ಆಟೋ ಹಿಡಿದರೆ ಉಳಿಸಿದ್ದು ಅಲ್ಲೇ ಹೋಗುತ್ತದೆ. ಮಂಗಳೂರು ಕಡೆಯವರಿಗೆ ಇನ್ನೊಂದು ಅನುಕೂಲ: ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲು ಥಾಣೆಯಲ್ಲೇ ನಿಲ್ಲುತ್ತದೆ.

ಥಾಣೆಯಿಂದ ದಕ್ಷಿಣ ಮುಂಬೈನ ಕೊನೆಯ ಸ್ಟೇಷನ್ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸುಮಾರು 34 ಕಿ.ಮೀ. ಕೆಲವೇ ಸ್ಟೇಷನ್‌ಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್‌ಗೆ ಸುಮಾರು ಮುಕ್ಕಾಲು ಗಂಟೆ, ಎಲ್ಲ ಕಡೆ ನಿಲ್ಲುವ ಸ್ಲೋಗೆ ಸುಮಾರು ಒಂದು ಗಂಟೆ ಬೇಕು. ಬೆಳಗ್ಗೆ 8ರಿಂದ 11 ನಗರದ ಕಡೆಗೆ, ಸಂಜೆ 5ರಿಂದ 9 ವಾಪಸ್ ಬರುವಾಗ ವಿಪರೀತ ನೂಕುನುಗ್ಗಲು. ಮಕ್ಕಳು, ಹಿರಿಯರು ಜೊತೆಗಿದ್ದರೆ 11ರ ನಂತರವೇ ಹೊರಡಿ. ಬೇಗ ಹೋಗಲೇಬೇಕಿದ್ದರೆ ಥಾಣೆಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯಿರಿ, ಕೂರಲು ಜಾಗ ಸಿಗುವ ಸಾಧ್ಯತೆ ಹೆಚ್ಚು.

ಸಂಜೆಯ ಮುಖ್ಯ ಎಚ್ಚರಿಕೆ: ಥಾಣೆ ದಾಟಿ ಹೋಗುವ ಕರ್ಜತ್, ಕಸಾರಾ, ಬದ್ಲಾಪುರ ಫಾಸ್ಟ್ ಹತ್ತಬೇಡಿ. ದೂರದವರು ಬಾಗಿಲವರೆಗೂ ತುಂಬಿರುತ್ತಾರೆ, ಥಾಣೆಯಲ್ಲಿ ಇಳಿಯಲು ದಾರಿಯೇ ಸಿಗುವುದಿಲ್ಲ. ಪ್ಲಾಟ್‌ಫಾರ್ಮ್‌ನ ಇಂಡಿಕೇಟರ್ ಫಲಕದಲ್ಲಿ 'ಟಿ' (T) ಎಂದಿರುವ ಥಾಣೆ ಗಾಡಿಯೇ ಸರಿ. ಯಾವುದರಲ್ಲಿ ಬಂದರೂ ಒಂದು ಸ್ಟೇಷನ್ ಮೊದಲೇ ಬಾಗಿಲ ಹತ್ತಿರ ಸರಿಯಿರಿ, ಪ್ಲಾಟ್‌ಫಾರ್ಮ್ ಯಾವ ಬದಿಗೆ ಎಂದು ಪಕ್ಕದವರನ್ನು ಕೇಳಿ.

ಟಿಕೆಟ್‌ಗೆ ಕ್ಯೂ ಬೇಡವೆಂದರೆ 1, 3, 5 ದಿನದ ಟೂರಿಸ್ಟ್ ಟಿಕೆಟ್ ಸಿಗುತ್ತದೆ. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಫಸ್ಟ್ ಕ್ಲಾಸ್ ಬೋಗಿ ಹತ್ತಿದರೆ ದಂಡ ಖಚಿತ, ಹತ್ತುವ ಮೊದಲು ಬೋಗಿಯ ಮೇಲಿನ ಬರಹ ನೋಡಿ. ಜುಹು, ಬಾಂದ್ರಾಕ್ಕೆ ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್‌ಗೆ ಬದಲಿಸಬೇಕು.

ಭಾನುವಾರ ಹಗಲು ಸಾಮಾನ್ಯವಾಗಿ ಹಳಿ ದುರಸ್ತಿಯ ಮೆಗಾ ಬ್ಲಾಕ್ ಇರುತ್ತದೆ, ಆಗ ಕೆಲವು ಲೋಕಲ್‌ಗಳು ರದ್ದಾಗುತ್ತವೆ ಅಥವಾ ತಡವಾಗುತ್ತವೆ. ಹಿಂದಿನ ದಿನವೇ ಪ್ರಕಟಣೆ ನೋಡಿಕೊಳ್ಳಿ, ಗೇಟ್‌ವೇ ಆಫ್ ಇಂಡಿಯಾವನ್ನು ವಾರದ ನಡುವೆ ಇಟ್ಟುಕೊಳ್ಳಿ.