ಫಿಟ್ಸ್ ಬಂದವರ ಪಕ್ಕದಲ್ಲಿ ಐದು ನಿಮಿಷ

ಅಡಿಕೆ ಸುಲಿಯುವ ಅಂಗಳದಲ್ಲಾಗಲಿ, ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಾಗಲಿ, ಯಾರಾದರೂ ಇದ್ದಕ್ಕಿದ್ದಂತೆ ಬಿದ್ದು ಕೈಕಾಲು ಸೆಟೆದು ಅದುರತೊಡಗಿದರೆ ಮೊದಲು ಗಡಿಯಾರ ನೋಡಿಕೊಳ್ಳಬೇಕು. ಗಾಬರಿಯಲ್ಲಿ ಒಂದು ನಿಮಿಷವೂ ಹತ್ತರಂತೆ ತೋರುವುದರಿಂದ ಅಂದಾಜನ್ನು ನಂಬುವಂತಿಲ್ಲ.

ಮೆಟ್ಟುಗತ್ತಿ, ಬೆಂಚು, ಕಲ್ಲು ಇವನ್ನೆಲ್ಲ ದೂರ ಸರಿಸಿ, ತಲೆಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಕತ್ತಿನ ಗುಂಡಿ ಸಡಿಲಿಸಬೇಕು. ಅಡಿಕೆ ಬೇಯಿಸುವ ಒಲೆ, ಕೆರೆ ಅಥವಾ ರಸ್ತೆಯ ಅಪಾಯವಿದ್ದರೆ ಮಾತ್ರ ವ್ಯಕ್ತಿಯನ್ನು ಅಲ್ಲಿಂದ ಎಳೆದು ತರಬೇಕು. ಅದುರುವ ಕೈಕಾಲುಗಳನ್ನು ಬಿಗಿಹಿಡಿದರೆ ಅದುರುವಿಕೆ ನಿಲ್ಲುವುದಿಲ್ಲ, ಮೂಳೆಗೆ ಪೆಟ್ಟಾಗಬಹುದು.

ಕೈಗೆ ಕಬ್ಬಿಣದ ಕೀಲಿಕೈ ಕೊಟ್ಟರೆ ಫಿಟ್ಸ್ ನಿಲ್ಲುತ್ತದೆಂಬ ನಂಬಿಕೆ ಗಟ್ಟಿಯಾಗಿ ಉಳಿದಿರುವುದಕ್ಕೆ ಕಾರಣವಿದೆ: ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಕೀಲಿಕೈ ಹುಡುಕಿ ತರುವ ಹೊತ್ತಿಗೆ ನಿಂತಿದ್ದರ ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಅದರಿಂದ ಕೆಡುಕಾಗದಿರಬಹುದು, ಆದರೆ ಬಾಯಿಗೆ ಚಮಚವನ್ನೋ ಬೆರಳನ್ನೋ ತುರುಕುವುದು ಅಪಾಯಕರ. ನಾಲಿಗೆಯನ್ನು ಯಾರೂ ನುಂಗಲಾರರು. ಹಲ್ಲು ಮುರಿದು ಉಸಿರುದಾರಿಗೆ ಸಿಕ್ಕಿಕೊಳ್ಳುವುದು ಮಾತ್ರ ನಿಜಕ್ಕೂ ಸಾಧ್ಯ.

ಅದುರುವಿಕೆ ತಗ್ಗಿದೊಡನೆ, ಸಾಧ್ಯವಾದರೆ ಅದಕ್ಕೂ ಮೊದಲೇ, ವ್ಯಕ್ತಿಯನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಕೆಳಮುಖವಾಗುವಂತೆ ಮಾಡಿದರೆ ಜೊಲ್ಲು, ವಾಂತಿ, ಅಗಿಯುತ್ತಿದ್ದ ಕವಳ ಎಲ್ಲವೂ ಹೊರಗೆ ಹರಿಯುತ್ತದೆ. ಕವಳದ ಕೆಂಪು ರಸವನ್ನು ರಕ್ತವೆಂದು ತಿಳಿದು ಗಾಬರಿಯಾಗುವುದೂ ಉಂಟು. ನಾಲಿಗೆ ಕಚ್ಚಿಕೊಂಡು ನಿಜವಾಗಿಯೇ ರಕ್ತ ಬಂದಿರಲೂಬಹುದು. ಎರಡರಲ್ಲಿ ಯಾವುದಾದರೂ ಬಾಯಿಗೆ ಬೆರಳು ಹಾಕಬಾರದು.

ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಜೀವಮಾನದಲ್ಲಿ ಮೊದಲ ಸಲ ಬಂದಿದ್ದರೆ, ನಿಂತ ಮೇಲೂ ಉಸಿರಾಟ ಸರಿಹೋಗದಿದ್ದರೆ, ಗರ್ಭಿಣಿಯಾಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಥವಾ ನೀರಿನಲ್ಲಿ ಬಂದಿದ್ದರೆ 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ತಲುಪಲು ಹೊತ್ತು ಹಿಡಿಯುವ ಮಲೆನಾಡಿನ ಒಂಟಿ ಮನೆಗಳಲ್ಲಿ, ಐದು ನಿಮಿಷ ತುಂಬಲೆಂದು ಕಾಯದೆ, ಸಿಗ್ನಲ್ ಸಿಗುವ ದಿಬ್ಬಕ್ಕೆ ಒಬ್ಬರನ್ನು ಮೊದಲೇ ಓಡಿಸುವುದು ಮೇಲು. ಹಿಂದೆಯೂ ಫಿಟ್ಸ್ ಬಂದವರಿಗೆ ವೈದ್ಯರು ಫಿಟ್ಸ್ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಎಂಬ ಔಷಧಿ ಬರೆದುಕೊಟ್ಟಿದ್ದರೆ, ಅವರು ಹೇಳಿದಂತೆಯೇ ಅದನ್ನು ಬಳಸಬೇಕು.

ನಿಂತ ಮೇಲೆ ಕೆಲಹೊತ್ತು ಮಂಕು ಕವಿದಿರುತ್ತದೆ. ಪೂರ್ಣ ಎಚ್ಚರವಾಗುವವರೆಗೆ ನೀರನ್ನಾಗಲಿ ಮಾತ್ರೆಯನ್ನಾಗಲಿ ಕೊಡಬಾರದು. ಬಟ್ಟೆ ಒದ್ದೆಯಾಗಿರಬಹುದಾದ್ದರಿಂದ ಕಂಬಳಿ ಹೊದಿಸಿ, ನೆರೆದವರನ್ನು ಚದುರಿಸಿ, ನಡೆದದ್ದನ್ನೂ ಹಿಡಿದ ಸಮಯವನ್ನೂ ಫಿಟ್ಸ್ ಬಂದವರಿಗೆ ಮೆಲ್ಲನೆ ತಿಳಿಸಬೇಕು.